ಕೈಗುಣ

ಹೊರಗೆ ಕೌಂಟರಿನ ಹತ್ತಿರ ಅಕ್ಕನ ದನಿ ಕೇಳಿದಾಗ ಅವನು ರಕ್ತ ತೆಗೆಯುವ ಕೋಣೆಯ ಮೇಜಿನಡಿ ಮೊಣಕಾಲೂರಿ ಪ್ರಿಂಟರಿನ ವೈರು ಹುಡುಕುತ್ತಿದ್ದ. ವೈರು ಆಗಲೇ ಸಿಕ್ಕಿತ್ತು, ಕೈಯಲ್ಲೇ ಇತ್ತು. ಆದರೂ ಅವನು ಏಳಲಿಲ್ಲ. ಧೂಳಿನಲ್ಲಿ ಯಾರೋ ಬೀಳಿಸಿಕೊಂಡಿದ್ದ ಹತ್ತಿಯ ಉಂಡೆಯೊಂದು ಕಂದುಬಣ್ಣಕ್ಕೆ ತಿರುಗಿ ಬಿದ್ದಿತ್ತು. ಅದನ್ನೇ ನೋಡುತ್ತ ಕಿವಿಯನ್ನಷ್ಟೇ ಹೊರಗೆ ಕಳಿಸಿದ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಆ ಲ್ಯಾಬಿನಲ್ಲಿ ಹನ್ನೊಂದು ವರ್ಷ ರಿಪೋರ್ಟು ಟೈಪು ಮಾಡಿದ ಹೆಂಗಸು. ಐವತ್ತು ದಾಟಿದ್ದರಿಂದ ಎಲ್ಲರೂ ಅಕ್ಕ ಅನ್ನುತ್ತಿದ್ದರು, ಅವನೂ ಹಾಗೇ ಕರೆಯುತ್ತಿದ್ದ. ಅವಳು ಕೆಲಸ ಬಿಟ್ಟು ಹದಿನೆಂಟು ದಿನವಾಗಿತ್ತು. ಬಿಟ್ಟಳು ಎನ್ನುವುದು ಲ್ಯಾಬಿನವರು ಮರ್ಯಾದೆಗೆ ಆಡುವ ಮಾತು. ಬಿಡಿಸಿದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಅದರ ನಿಜವಾದ ಕಾರಣ ಮಾತ್ರ ಅವನೊಬ್ಬನಿಗೆ ಗೊತ್ತಿತ್ತು. ಅನುಭವಪತ್ರ ತಗೊಂಡು ಹೋಗೋಕೆ ಬಂದೆ ಎಂದು ಅಕ್ಕ ಕೌಂಟರಿನಲ್ಲಿ ಹೇಳುತ್ತಿದ್ದಳು. ರಕ್ತ ತೆಗೆಯುವವನಿಗೆ ಲ್ಯಾಬಿನಲ್ಲಿ ಸೂಜಿ ಎಂದೇ ಹೆಸರು. ತೋಳು ಚಾಚಿ ಕೂತಿದ್ದ ರೋಗಿಯನ್ನು ಹಾಗೇ ಬಿಟ್ಟು ಸೂಜಿ ಬಾಗಿಲಿಗೆ ಹೋಗಿ, ಕರೆಂಟಮ್ಮ ಬಂದ್ರು, ಎಲ್ಲಾ ಪ್ಲಗ್ಗು ಕಿತ್ತಿಡ್ರಪ್ಪ ಎಂದ. ಬೆಂಚಿನ ಮೇಲೆ ಕಾಯುತ್ತಿದ್ದವರಿಗೆ ಏನೂ ಅರ್ಥವಾಗದಿದ್ದರೂ ಒಬ್ಬಿಬ್ಬರು ನಕ್ಕರು. ಅಕ್ಕನೂ ನಕ್ಕಳು. ಆ ನಗು ಮೇಜಿನಡಿಗೆ ಬಂದು ಅವನಿಗೆ ತಾಗಿತು. ಅವಳು ಸಿಟ್ಟುಮಾಡಿಕೊಂಡಿದ್ದರೆ ಅವನು ಎದ್ದು ಹೋಗಿ ಮಾತಾಡಿಸುತ್ತಿದ್ದನೇನೋ.

ಮೂರೂವರೆ ತಿಂಗಳ ಹಿಂದಿನವರೆಗೆ ಇಡೀ ಲ್ಯಾಬಿನಲ್ಲಿ ಅಕ್ಕನ ಕಂಪ್ಯೂಟರಿನಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ. ಲ್ಯಾಬಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಅವನೇ ಒಂದೊಂದು ಭಾಗ ಆರಿಸಿ ಜೋಡಿಸಿದ್ದ. ಅಕ್ಕ ಹಳೇ ಕಾಲದಲ್ಲಿ ಟೈಪ್‌ರೈಟರು ಕುಟ್ಟಿ ಕಲಿತವಳು. ಅವಳ ಬೆರಳು ಕೀಲಿಯ ಮೇಲೆ ಬಿದ್ದರೆ ಪಕ್ಕದ ಕೋಣೆಗೆ ಕೇಳುತ್ತಿತ್ತು, ಆದರೆ ತಪ್ಪು ಬೀಳುತ್ತಿರಲಿಲ್ಲ. ಬೆಳಿಗ್ಗೆ ಕೊಟ್ಟ ರಕ್ತದ ರಿಪೋರ್ಟು ಊಟದ ಹೊತ್ತಿಗೆ ಕೈಗೆ ಬರುತ್ತದೆ ಎಂದು ಜನ ಈ ಲ್ಯಾಬಿಗೇ ಬರುತ್ತಿದ್ದರು. ತೊಂದರೆಯಿದ್ದದ್ದು ಮಹಡಿಯ ಮೇಲೆ, ಲ್ಯಾಬಿನ ಒಡತಿ ಡಾಕ್ಟರಮ್ಮನ ಮೇಜಿನ ಮೇಲಿದ್ದ ಕಂಪ್ಯೂಟರಿಗೆ. ಅದು ಹಳೆಯದು, ಒಂದು ಫೈಲು ತೆರೆದರೆ ಚಕ್ರ ತಿರುಗುತ್ತ ಕೂರುತ್ತಿತ್ತು. ಒಂದು ದಿನ ಅವರು ಅವನನ್ನು ಕರೆಸಿದರು. ಪರೀಕ್ಷೆಯ ಯಂತ್ರ ಮಾರುವವನೊಬ್ಬ ಟೈ ಕಟ್ಟಿಕೊಂಡು ಎದುರಿಗೆ ಕೂತಿದ್ದ, ಸೂಜಿ ಫೈಲು ಹಿಡಿದು ನಿಂತಿದ್ದ. ಅವನು ಬಗ್ಗಿ ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದ. ಆಗ ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸುತ್ತ, ದನಿ ಏರಿಸದೆ ಹೇಳಿದರು: "ನಿನಗೆ ಬರೋದು ಆಫ್ ಮಾಡಿ ಆನ್ ಮಾಡೋದು ಒಂದೇ. ಅಷ್ಟನ್ನ ನಮ್ಮನೆ ಫ್ರಿಜ್ಜು ಸಂಬಳ ಇಲ್ದೆ ಮಾಡುತ್ತೆ." ಟೈ ಕಟ್ಟಿದವನು ನಗಬಾರದೆಂದು ತುಟಿ ಬಿಗಿಹಿಡಿದ. ಸೂಜಿ ನಕ್ಕೇಬಿಟ್ಟ. ಅವನೂ ನಕ್ಕ. ಮೆಟ್ಟಿಲಿಳಿದು ಬರುವಾಗ ಡಾಕ್ಟರಮ್ಮನ ಮಾತಿಗಿಂತ ತನ್ನ ಆ ನಗುವೇ ಅವನಿಗೆ ಜೋರಾಗಿ ಕೇಳುತ್ತಿತ್ತು. ಹೊಸ ಮೆಮೊರಿ ಕೊಡಿಸಿ ಎಂದು ಕೇಳಬಹುದಿತ್ತು. ಕೇಳಿದರೆ ಫ್ರಿಜ್ಜಿನ ಮಾತು ಮತ್ತೊಮ್ಮೆ ಬರುತ್ತಿತ್ತು. ಆ ಸಂಜೆ ಎಲ್ಲರೂ ಹೋದ ಮೇಲೆ ಅಕ್ಕನ ಕಂಪ್ಯೂಟರಿನ ಮೈ ಬಿಚ್ಚಿ, ಅದರಲ್ಲಿದ್ದ ಅಂಗೈಯುದ್ದದ ಹಸಿರು ಮೆಮೊರಿ ಪಟ್ಟಿಯನ್ನು ಕಿತ್ತು ಮೇಲಿನದಕ್ಕೆ ಹಾಕಿದ. ಕೆಳಗಿನದಕ್ಕೆ, ಸ್ಟೋರಿನಲ್ಲಿ ಸತ್ತ ಸಾಮಾನು ತುಂಬಿಟ್ಟಿದ್ದ ಡಬ್ಬದಿಂದ ಒಂದು ಹಳೆಯ ಪಟ್ಟಿಯನ್ನು ಆರಿಸಿ, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಸಿಕ್ಕಿಸಿದ. ಒಂದು ಸಲ ಬೀಪ್ ಎಂದು ಕಂಪ್ಯೂಟರು ಎದ್ದಿತು. ಎದ್ದಿತಲ್ಲ, ಸಾಕು ಅಂದುಕೊಂಡ. ಮಾರನೆಯ ದಿನ ಡಾಕ್ಟರಮ್ಮ ಚೆನ್ನಾಗಿದೆ ಎಂದೇನೂ ಹೇಳಲಿಲ್ಲ. ಕರೆಯಲಿಲ್ಲ, ಅಷ್ಟೆ. ಅವರು ಕರೆಯದಿದ್ದದ್ದೇ ಅವನಿಗೆ ಹೊಗಳಿದ ಹಾಗಿತ್ತು.

ಮೂರನೆಯ ದಿನ ಅಕ್ಕ ಸ್ಟೋರಿನ ಬಾಗಿಲಿಗೆ ಬಂದು ನಿಂತಳು. ತಾನಾಗೇ ಆಫ್ ಆಗಿ ತಾನಾಗೇ ಆನ್ ಆಯ್ತು ಕಣಪ್ಪ, ನಾನೇನೂ ಮುಟ್ಟಿಲ್ಲ ಅಂದಳು. ಕಂಪ್ಯೂಟರು ಕೆಟ್ಟಿತೆಂದು ಬರುವ ಪ್ರತಿಯೊಬ್ಬರೂ ಮೊದಲು ಹೇಳುವ ಮಾತು ಅದೇ, ನೂರಕ್ಕೆ ತೊಂಬತ್ತು ಸಲ ಸುಳ್ಳಿರುತ್ತದೆ. ಅವಳು ನಿಜ ಹೇಳುತ್ತಿದ್ದಾಳೆಂದು ಅವನಿಗೆ ಕುರ್ಚಿಯಿಂದ ಏಳುವ ಮುಂಚೆಯೇ ತಿಳಿದಿತ್ತು. ಆದರೂ ಹೋಗಿ, ಗೊತ್ತಿಲ್ಲದವನು ಮಾಡುವ ಎಲ್ಲವನ್ನೂ ಒಂದೊಂದಾಗಿ ಮಾಡಿದ. ವೈರು ಒತ್ತಿ ನೋಡಿದ, ಪ್ಲಗ್ಗು ಬದಲಿಸಿದ, ಬ್ಲೋಯರು ತಂದು ಧೂಳು ಊದಿದ, ವೈರಸ್ಸು ಹುಡುಕಲು ಹಚ್ಚಿ ಕೈಕಟ್ಟಿ ಕೂತ. ಎರಡು ದಿನ ಬಿಟ್ಟು ಅಕ್ಕ ಮತ್ತೆ ಬಂದಳು. ಈ ಸಲ ಪರದೆ ನೀಲಿಯಾಗಿ ಬಿಳಿ ಅಕ್ಷರದಲ್ಲಿ ಏನೇನೋ ಬರೆಯಿತಂತೆ. ಅವನು ವಿಂಡೋಸನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿದ. ಅದಕ್ಕೆ ಅರ್ಧ ದಿನ ಹಿಡಿಯಿತು, ಬೆಂಚಿನ ಮೇಲಿನ ಜನ ಅಕ್ಕನನ್ನು ಬೈದರು. ಕೀಬೋರ್ಡು ಬದಲಿಸಿದ, ಮೌಸು ಬದಲಿಸಿದ. ಪ್ರತಿ ಸಲವೂ ಅಕ್ಕ ಅವನ ಹಿಂದೆ ಕೈಜೋಡಿಸಿಕೊಂಡಂತೆ ನಿಂತು, ಬಗ್ಗಿದ ಅವನ ಬೆನ್ನಿಗೆ ಹೇಳುತ್ತಿದ್ದಳು: ನಿನಗೆ ಎಷ್ಟು ತೊಂದರೆ ಕೊಡ್ತೀನಿ ನೋಡು. ಆ ಮಾತು ಕೇಳಲು ಅವನಿಗೆ ಹಿತವಾಗಿತ್ತು ಎಂಬುದನ್ನು ಅವನು ಈಗ, ಈ ಮೇಜಿನಡಿಯಲ್ಲಿ, ಒಪ್ಪಿಕೊಳ್ಳಬಲ್ಲ. ಮಹಡಿಯ ಮೇಲೆ ಅವನು ಫ್ರಿಜ್ಜಿಗಿಂತ ಕಡೆ. ಇಲ್ಲಿ ಒಬ್ಬ ಹೆಂಗಸು ಅವನು ಚಹಾ ಕುಡಿದು ಮುಗಿಸುವವರೆಗೂ ಬಾಗಿಲಲ್ಲಿ ಕಾಯುತ್ತಿದ್ದಳು, ಅವನು ಬೇಕೆಂದೇ ಲೋಟದ ತಳದ ಚಹಾವನ್ನು ಆರಿಸಿ ಆರಿಸಿ ಕುಡಿಯುತ್ತಿದ್ದ.

ಸ್ವೆಟರಿನ ಮಾತು ಬಂದದ್ದು ಹೀಗೇ ಒಂದು ದಿನ. ರಿಪೋರ್ಟಿನ ಕೋಣೆಯಲ್ಲಿ ಪರೀಕ್ಷೆಯ ಯಂತ್ರಗಳಿಗಾಗಿ ಏಸಿ ಸದಾ ಜೋರಾಗಿರುತ್ತಿತ್ತು, ಅಕ್ಕ ಬೂದುಬಣ್ಣದ ಉಣ್ಣೆಯ ಸ್ವೆಟರು ಹಾಕಿಕೊಂಡು ಕೂರುತ್ತಿದ್ದಳು. ಇನ್ನೇನೂ ಹೇಳಲು ತೋಚದೆ ಅವನು, ಉಣ್ಣೆ ತಿಕ್ಕಿದರೆ ಮೈಯಲ್ಲಿ ಕರೆಂಟು ಹುಟ್ಟುತ್ತೆ ಅಕ್ಕ, ಅದು ಬೆರಳಿನಿಂದ ಕೀಬೋರ್ಡಿಗೆ ಇಳಿದರೂ ಇಳಿಯಬಹುದು ಅಂದ. ಅಂದದ್ದೇ ತಡ, ಅವಳು ಅಲ್ಲೇ ಸ್ವೆಟರು ಬಿಚ್ಚಿ ಮಡಿಸಿ ಚೀಲಕ್ಕೆ ತುರುಕಿದಳು. ಅಂದಿನಿಂದ ಅದನ್ನು ಹಾಕಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಉಗುರು ನೀಲಿಗಟ್ಟಿರುತ್ತಿತ್ತು. ಕಂಕುಳಲ್ಲಿ ಕೈ ಬೆಚ್ಚಗೆ ಮಾಡಿಕೊಂಡು ಬಂದು ಎರಡು ಸಾಲು ಟೈಪು ಮಾಡಿ ಮತ್ತೆ ಕಂಕುಳಿಗೆ ಸಿಕ್ಕಿಸುವುದನ್ನು ಗಾಜಿನಾಚೆಯಿಂದ ಎಲ್ಲರೂ ನೋಡುತ್ತಿದ್ದರು. ಸೂಜಿ ಕರೆಂಟಮ್ಮ ಎಂದು ಹೆಸರಿಟ್ಟಿದ್ದು ಆಗಲೇ. ರಿಪೋರ್ಟು ಇಸಕೊಳ್ಳುವಾಗ ಅವಳ ಬೆರಳು ತಾಗಿದರೆ ಸೂಜಿ ಷಾಕು ಹೊಡೆದವನಂತೆ ಮೈ ಅದುರಿಸಿ ತೋರಿಸುತ್ತಿದ್ದ. ಸ್ವೆಟರು ಹಾಕ್ಕೊಳ್ಳಿ ಅಕ್ಕ, ಅದರಿಂದ ಅಲ್ಲ ಎಂದು ಹೇಳಲು ಅವನು ಎರಡು ಸಲ ಬಾಗಿಲವರೆಗೆ ಹೋಗಿದ್ದ. ಹೇಳಿದರೆ, ಹಾಗಾದರೆ ಇನ್ನು ಯಾವುದರಿಂದ ಎಂದು ಕೇಳುತ್ತಾಳೆ. ವಾಪಸು ಬಂದ.

ಮೇಜಿನಡಿಯಿಂದ ಏಳಬೇಕಾಯಿತು. ರೋಗಿ ಎದ್ದುಹೋದ, ಪ್ರಿಂಟರು ಏನಾಯ್ತೋ ಎಂದು ಸೂಜಿ ಕಾಲಿನಿಂದ ಅವನ ಪಾದ ತಟ್ಟಿದ. ವೈರು ಸಿಕ್ಕಿಸಿ ಎದ್ದು ಮೊಣಕಾಲು ಕೊಡವಿಕೊಂಡ. ಬಾಗಿಲ ಸಂದಿಯಿಂದ ನೋಡಿದರೆ ಅಕ್ಕ ಬೆಂಚಿನ ತುದಿಯಲ್ಲಿ ರೋಗಿಗಳ ನಡುವೆ ಕೂತಿದ್ದಳು. ಪತ್ರಕ್ಕೆ ಡಾಕ್ಟರಮ್ಮನ ಸಹಿ ಆಗಬೇಕಿತ್ತು. ಅವಳ ಕಣ್ಣು ಗಾಜಿನ ಕೋಣೆಯೊಳಗಿತ್ತು, ಅಲ್ಲಿ ಅವಳದೇ ಕುರ್ಚಿಯಲ್ಲಿ ಕೂತ ಹೊಸ ಹುಡುಗಿ, ಅವಳದೇ ಕಂಪ್ಯೂಟರಿನಲ್ಲಿ, ಕಿವಿಗೆ ಹಾಡು ಸಿಕ್ಕಿಸಿಕೊಂಡು ಟೈಪು ಮಾಡುತ್ತಿದ್ದಳು. ಪರದೆ ನೀಲಿಯಾಗುತ್ತದೇನೋ ಎಂದು ಅಕ್ಕ ಕಾಯುತ್ತಿದ್ದಾಳೆ ಅನ್ನಿಸಿತು ಅವನಿಗೆ. ಅದು ಆಗುವುದಿಲ್ಲ. ಅಕ್ಕ ಹೋದ ಮೂರನೆಯ ದಿನ, ರಜೆಯ ದಿನ, ಅವನು ಅಂಗಡಿಯಿಂದ ತನ್ನ ಕೈಯಿಂದಲೇ ದುಡ್ಡು ಕೊಟ್ಟು ಹೊಸ ಮೆಮೊರಿ ಪಟ್ಟಿ ತಂದು ಹಾಕಿದ್ದ. ಕವಚ ಬಿಚ್ಚಿ, ಹಳೆಯದನ್ನು ಕಿತ್ತು, ಹೊಸದನ್ನು ಒತ್ತಿ, ಮತ್ತೆ ಮುಚ್ಚಲು ಹತ್ತು ನಿಮಿಷ. ಮೂರು ತಿಂಗಳು ಮಾಡದೆ ಉಳಿದ ಕೆಲಸ ಹತ್ತು ನಿಮಿಷದ್ದು. ಹೊಸ ಹುಡುಗಿ ಬಂದಮೇಲೆ ಕಂಪ್ಯೂಟರು ಒಂದು ಸಲವೂ ನಿಲ್ಲಲಿಲ್ಲ. ನೋಡಿದ್ರಾ, ಎಲ್ಲಾ ಕೈಗುಣ ಅಂದರು ಡಾಕ್ಟರಮ್ಮ. ಎಲ್ಲರೂ ಹೌದು ಹೌದು ಕೈಗುಣ ಅಂದರು. ಅಷ್ಟು ಹೊತ್ತೂ ಅವನು ಗೋಡೆಯ ಸ್ವಿಚ್ಚುಗಳನ್ನು ಎಣಿಸುತ್ತ ನಿಂತಿದ್ದ.

ಆ ಹಳೆಯ ಪಟ್ಟಿಯನ್ನು ಅವನು ಪರೀಕ್ಷೆ ಮಾಡಲಿಲ್ಲ ಎಂದಲ್ಲ. ಒಂದು ತಿಂಗಳು ಕಳೆದಾಗ ಅವನಿಗೇ ತಡೆಯಲಾಗದೆ ಒಂದು ಸಂಜೆ ಮೆಮೊರಿ ಪರೀಕ್ಷೆಯ ಡಿಸ್ಕು ಹಾಕಿದ್ದ. ನಾಲ್ಕು ನಿಮಿಷವೂ ಆಗಿರಲಿಲ್ಲ, ಪರದೆಯ ತುಂಬ ಕೆಂಪು ಸಾಲು ಇಳಿಯತೊಡಗಿತು, ಪ್ರತಿ ಸಾಲಿನಲ್ಲೂ ತಪ್ಪು ಒಂದೇ ಜಾಗದಲ್ಲಿ. ಮೆಮೊರಿಯೊಳಗೆ ಒಂದೊಂದು ಅಕ್ಷರವನ್ನೂ ಹಿಡಿದಿಡುವ ಎಂಟು ಸಣ್ಣ ಸ್ವಿಚ್ಚುಗಳ ಸಾಲಿನಲ್ಲಿ ಒಂದೇ ಒಂದು ಸ್ವಿಚ್ಚು ಮಾತು ಕೇಳುತ್ತಿರಲಿಲ್ಲ. ಅವನು ತಕ್ಷಣ ಪರೀಕ್ಷೆ ನಿಲ್ಲಿಸಿದ. ನಿಲ್ಲಿಸಿ ಹಿಂದೆ ತಿರುಗಿ ನೋಡಿದ, ಯಾರೂ ಇರಲಿಲ್ಲ. ಮರುದಿನ ಅಕ್ಕ ಎಲ್ಲಾ ನೋಡಿದೆಯಾ ಎಂದು ಕೇಳಿದಳು. ಎಲ್ಲಾ ನೋಡಿದೆ, ಏನೂ ಇಲ್ಲ ಅಂದ. ಅವಳು ಕೀಬೋರ್ಡನ್ನೇ ನೋಡುತ್ತ, "ಏನೂ ಇಲ್ಲ ಅಂದ್ರೆ ನಾನೇ ಅಂತಾಯ್ತು" ಅಂದಳು. ಅವನು ಅಲ್ಲ ಎನ್ನಲಿಲ್ಲ. ಬದಲಿಗೆ, ಯಾವಾಗ ನಿಲ್ಲುತ್ತದೆ, ಆಗ ಏನು ಮಾಡುತ್ತಿದ್ದಿರಿ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ ಅಂದ. ದೊಡ್ಡ ಕಂಪನಿಗಳಲ್ಲಿ ಹಾಗೇ ಮಾಡುತ್ತಾರೆ. ಬರೆಯುತ್ತ ಕೂತರೆ ಒಂದಷ್ಟು ದಿನ ತನ್ನನ್ನು ಕರೆಯುವುದಿಲ್ಲ ಎಂಬುದೂ ಮನಸ್ಸಿನಲ್ಲಿತ್ತು. ಅವಳು ಗೆರೆಯೆಳೆದ ಉದ್ದ ಪುಸ್ತಕವೊಂದನ್ನು ತಂದು ರಟ್ಟು ಹಾಕಿ ದುಂಡಗೆ ಬರೆಯತೊಡಗಿದಳು. ಮೊದಲ ವಾರ ಸರಿಯಾಗೇ ಇತ್ತು: ಹತ್ತು ನಲವತ್ತು, ಮೂತ್ರಪರೀಕ್ಷೆ, ಹೆಸರು ಟೈಪು ಮಾಡುತ್ತಿದ್ದೆ. ಆಮೇಲೆ, ಕೆಮ್ಮಿದೆ ಎಂದಿತ್ತು. ಆಮೇಲೆ, ಕಾಲು ಅಲ್ಲಾಡಿಸಿದೆ. ಒಂದು ಕಡೆ, ಸೂಜಿಯ ಮೇಲೆ ಸಿಟ್ಟು ಬಂದಿತ್ತು ಎಂದಿತ್ತು. ಇನ್ನೊಂದು ಕಡೆ, ಯಜಮಾನರ ನೆನಪಾಯಿತು, ಆಗ ನಿಂತಿತು. ಅವಳ ಗಂಡ ಸತ್ತು ಒಂಬತ್ತು ವರ್ಷವಾಗಿತ್ತು. ಅದನ್ನೋದಿದ ದಿನ ಅವನು ಹೊರಗೆ ಹೋಗಿ ರಸ್ತೆ ಬದಿಯ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದ. ಬಂದು ಪುಸ್ತಕವನ್ನು ಅವಳಿಗೆ ಕೊಟ್ಟು, ಹೀಗೇ ಬರೀತಿರಿ ಅಂದ.

ಮನೆಯಲ್ಲಿ ಹೆಂಡತಿಗೆ ಇದನ್ನೆಲ್ಲ ಒಂದು ಸಲ ಹೇಳಿದ, ಬೇರೆ ಯಾವುದೋ ಆಫೀಸಿನಲ್ಲಿ ನಡೆದದ್ದು ಎಂಬಂತೆ. ಅವಳು ಇಸ್ತ್ರಿ ಮಾಡುತ್ತಿದ್ದಳು. ಕೇಳುತ್ತ ಕೇಳುತ್ತ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅವನಿಗೇನು ಅಕ್ಕತಂಗಿಯರಿಲ್ವಾ, ಹುಳ ಬಿದ್ದು ಸಾಯ್ತಾನೆ ಅಂದಳು. ಅವನೂ, ಹೌದು, ಸಾಯ್ತಾನೆ ಅಂದ. ಆಮೇಲೆ, ಪಾಪ ಅವನಿಗೂ ಏನು ಕಷ್ಟವಿತ್ತೋ ಎಂದು ಒಂದು ಮಾತು ಸೇರಿಸಿ ನೋಡಿದ. ಹೆಂಡತಿ, ಅಂಥವರಿಗೆಲ್ಲ ನಿಮ್ಮಂಥ ಮೆತ್ತನೆಯವರೇ ಪಾಪ ಅನ್ನೋದು ಎಂದು ಪ್ರೀತಿಯಿಂದಲೇ ಗದರಿದಳು. ಅವನ ಅಂಗಿಯ ಕಾಲರನ್ನು ಬಿಸಿಬಿಸಿಯಾಗಿ ಒತ್ತಿ ಕೊಟ್ಟಳು. ಅದನ್ನೇ ಹಾಕಿಕೊಂಡು ಲ್ಯಾಬಿಗೆ ಬಂದ ದಿನ ಬಡಗಿಯೊಬ್ಬನ ಹೆಂಡತಿ ಕೌಂಟರಿನ ಮುಂದೆ ನಿಂತಿದ್ದಳು.

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕಾಗದ ಮಡಿಸಿ ಬಿಚ್ಚಿ ಮಡಿಸಿ ಬಿಚ್ಚಿ, ಮೆಲ್ಲಗೆ ಹೇಳಿದಳು. ಗಂಡ ಬೆನ್ನುನೋವೆಂದು ಪರೀಕ್ಷೆ ಮಾಡಿಸಿದ್ದ. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಎಂಬ ಕಡೆ ಒಂಬತ್ತು ಪಾಯಿಂಟ್ ಒಂದು ಎಂದಿತ್ತು. ಎರಡೂ ಕಿಡ್ನಿ ಹೋಗಿವೆ ಎಂದು ತಿಳಿದವರು ಹೇಳಿದರು. ಗಂಡನನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಮತ್ತೆ ಪರೀಕ್ಷೆಯಾಗಿ, ಒಂದು ಪಾಯಿಂಟ್ ಒಂದು, ಏನೂ ಆಗಿಲ್ಲ ಮನೆಗೆ ಹೋಗಿ ಎನ್ನಲು ಎರಡು ದಿನವಾಯಿತು. ಆ ಎರಡು ದಿನದಲ್ಲಿ ಗಂಡ, ಇನ್ನು ಉಳಿಯುವುದಿಲ್ಲ ಅಂದುಕೊಂಡು, ಜೊತೆಯ ಕೆಲಸದವರನ್ನು ಹಾಸಿಗೆಯ ಹತ್ತಿರ ಕರೆಸಿಕೊಂಡು ಉಳಿ, ಗರಗಸ, ಕೊಡತಿ ಎಲ್ಲವನ್ನೂ ಹಂಚಿಬಿಟ್ಟಿದ್ದ. ಈಗ ವಾಪಸು ಕೇಳೋಕೆ ಅವರಿಗೆ ನಾಚಿಕೆ, ಸುಮ್ಮನೆ ಮನೇಲಿ ಕೂತಿದಾರೆ ಅಂದಳು. ಅಕ್ಕ ಗಾಜಿನ ಕೋಣೆಯಿಂದ ಎದ್ದು ಬಂದು, ಯಂತ್ರ ಕೊಟ್ಟ ಚೀಟಿ ತೋರಿಸಿ, ನಾನು ಒಂದು ಪಾಯಿಂಟ್ ಒಂದು ಅಂತಲೇ ಹೊಡೆದೆ, ಎರಡು ಸಲ ಓದಿದೆ ಅಂದಳು. ಯಾರೂ ಚೀಟಿ ನೋಡಲಿಲ್ಲ. ಅವನು ಮಾತ್ರ ನೋಡಿದ. ಕಂಪ್ಯೂಟರಿನೊಳಗೆ ಅಂಕಿಯೆಂದರೆ ಎಂಟು ಸ್ವಿಚ್ಚುಗಳು, ಒಂದು ಸ್ವಿಚ್ಚು ತಾನಾಗಿ ಆನ್ ಆದರೆ ಒಂದು ಎಂಬುದು ಒಂಬತ್ತಾಗುತ್ತದೆ. ಯಾವ ಸ್ವಿಚ್ಚು ಎಂಬುದನ್ನೂ ಅವನು ಆ ಸಂಜೆ ಕೆಂಪು ಸಾಲುಗಳಲ್ಲಿ ಕಂಡಿದ್ದ.

ಡಾಕ್ಟರಮ್ಮ ಎಲ್ಲರನ್ನೂ ಮೇಲೆ ಕರೆಸಿದರು. ರಿಪೋರ್ಟಿನ ಕೆಳಗೆ ಅವರದೇ ಸಹಿ ಇತ್ತು, ಆ ಬಗ್ಗೆ ಯಾರೂ ಉಸಿರೆತ್ತಲಿಲ್ಲ. ಕೀಬೋರ್ಡನ್ನು ಎದುರಿಗಿಟ್ಟು ಅವರು ಒಂದು ಬೆರಳನ್ನು ಒಂದರ ಮೇಲೂ ಇನ್ನೊಂದನ್ನು ಒಂಬತ್ತರ ಮೇಲೂ ಊರಿ ತೋರಿಸಿದರು. ಇದು ಈ ಮೂಲೆ, ಅದು ಆ ಮೂಲೆ. ಬೆರಳು ಜಾರಿದ್ದರೆ ಎರಡಾಗಬೇಕಿತ್ತು. ಜಾರಿರೋದು ಬೆರಳಲ್ಲ, ತಲೆ ಅಂದರು. ಅಕ್ಕನಿಗೆ ಬಿಡುಗಡೆಯಾಗಬೇಕಿದ್ದ ಮಾತೇ ಅವಳ ಕೊರಳಿಗೆ ಬಿತ್ತು. ಆಮೇಲೆ ಆ ಉದ್ದ ಪುಸ್ತಕ ಹೊರಬಂತು. ಯಾರು ತಂದುಕೊಟ್ಟರೋ, ಸೂಜಿಯೇ ಇರಬೇಕು. ಡಾಕ್ಟರಮ್ಮ ಅದನ್ನು ಜೋರಾಗಿ ಓದಿದರು, ರೋಗಿಯ ಹಳೆಯ ರಿಪೋರ್ಟುಗಳನ್ನು ಓದುವ ದನಿಯಲ್ಲಿ. ಕೆಮ್ಮಿದೆ. ಕಾಲು ಅಲ್ಲಾಡಿಸಿದೆ. ಯಜಮಾನರ ನೆನಪಾಯಿತು. ಸೂಜಿ ಮೊದಲು ನಕ್ಕು ಆಮೇಲೆ ತಾನೂ ನಿಲ್ಲಿಸಿದ. ಅಕ್ಕ ನೆಲ ನೋಡುತ್ತಿದ್ದಳು. ಕಿವಿಯ ಹಿಂದೆ ಕೆಂಪು ಏರಿ ಕುತ್ತಿಗೆಗೆ ಇಳಿಯುತ್ತಿದ್ದುದು ಹಿಂದೆ ನಿಂತಿದ್ದ ಅವನಿಗೆ ಕಾಣುತ್ತಿತ್ತು. ಪುಸ್ತಕ ಮುಚ್ಚಿ ಡಾಕ್ಟರಮ್ಮ ಅವನ ಕಡೆ ತಿರುಗಿದರು.

"ಸಿಸ್ಟಮ್‌ನವನೇ, ನೀನು ಹೇಳು. ತಪ್ಪು ಮಷೀನಿಂದೋ, ಇವರದ್ದೋ?"

ಅಷ್ಟು ದಿನದಲ್ಲಿ ಅವರು ಅವನ ಅಭಿಪ್ರಾಯ ಕೇಳಿದ್ದು ಅದೊಂದೇ ಸಲ. ಕೋಣೆಯಲ್ಲಿದ್ದವರೆಲ್ಲ ಅವನನ್ನು ನೋಡುತ್ತಿದ್ದರು. ಡಾಕ್ಟರಮ್ಮನ ಮೊಣಕೈಯ ಪಕ್ಕದಲ್ಲಿ ಅವರ ಕಂಪ್ಯೂಟರು ಸದ್ದಿಲ್ಲದೆ ಉರಿಯುತ್ತಿತ್ತು. ಎದೆಯ ಮೂಲೆಯಲ್ಲೆಲ್ಲೋ ಒಂದು ಹೆಮ್ಮೆ ಕದಲಿದ್ದು ಅವನಿಗೆ ಗೊತ್ತಾಯಿತು. "ಮಷೀನು ಸರಿಯಾಗಿದೆ ಮೇಡಂ. ಎಲ್ಲಾ ಟೆಸ್ಟ್ ಮಾಡಿದೀನಿ" ಅಂದ. ಅಕ್ಕ ತಲೆಯೆತ್ತಿ ಅವನನ್ನು ನೋಡಿ, ಹೌದು, ಪಾಪ ಅವನು ಎಲ್ಲಾ ಮಾಡಿದಾನೆ ಎಂದು ಎಲ್ಲರಿಗೂ ಕೇಳುವಂತೆ ಒಪ್ಪಿಸಿದಳು. ಸಂಜೆ ಚೀಲದಲ್ಲಿ ಲೋಟ, ಬಾಚಣಿಗೆ, ಸ್ವೆಟರು ತುಂಬಿಕೊಂಡು ಹೋದಳು.

ಈಗ ಅದೇ ಅಕ್ಕ ಸಹಿಯಾದ ಪತ್ರ ಹಿಡಿದು ಕಾರಿಡಾರಿನಲ್ಲಿ ಅವನನ್ನು ಹುಡುಕಿಕೊಂಡು ಬಂದಳು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಒಂದು ಕಡೆ ನೀರಿನ ಫಿಲ್ಟರು, ಇನ್ನೊಂದು ಕಡೆ ಖಾಲಿ ರಟ್ಟಿನ ಪೆಟ್ಟಿಗೆಗಳು. ಸೊರಗಿದ್ದಳು. ಮಾತಾಡುವಾಗ ಕೈ ಎತ್ತುತ್ತಿದ್ದವಳು ಈಗ ಎರಡೂ ಕೈಯನ್ನು ಚೀಲದ ಹಿಂದೆ ಇಟ್ಟುಕೊಂಡಿದ್ದಳು. ಹೆಂಡತಿ ಚೆನ್ನಾಗಿದ್ದಾಳಾ ಎಂದು ಕೇಳಿದಳು. ಪತ್ರದಲ್ಲಿ ಡಾಕ್ಟರಮ್ಮ ಒಳ್ಳೆಯ ಮಾತೇ ಬರೆದಿದ್ದಾರೆ, ದೊಡ್ಡ ಮನಸ್ಸು ಅಂದಳು. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದಳು. ಅವಳ ದೊಡ್ಡಕ್ಕನ ಗಂಡನದು ಲಾರಿ ಬುಕಿಂಗ್ ಆಫೀಸಂತೆ. ರಸೀದಿ ಟೈಪು ಮಾಡಲು ನೀನೇ ಬಾ ಎಂದು ಭಾವ ದಿನಾ ಫೋನು ಮಾಡುತ್ತಿದ್ದಾರಂತೆ, ಹೊಸ ಕಂಪ್ಯೂಟರು ತಂದಿಟ್ಟಿದ್ದಾರಂತೆ. ಅವಳಿಗೆ ಮಾತ್ರ ಹೆದರಿಕೆ.

"ಒಂದು ಮಾತು ಕೇಳ್ತೀನಿ, ಬೇಜಾರಾಗುತ್ತೆ ಅಂತ ಮುಚ್ಚಿಡಬೇಡ ತಮ್ಮ. ಆ ಹುಡುಗಿ ಕೈಲಿ ಅದು ಒಂದು ಸಲಾನೂ ನಿಂತಿಲ್ಲವಂತೆ. ನನ್ನ ಕೈಲೇ ಏನೋ ಇದೆ ಅಲ್ವಾ? ಇದ್ರೆ ಹೇಳಿಬಿಡು. ಇಲ್ಲಿ ಹಾಳು ಮಾಡಿದ್ದು ಸಾಲದೆ ಭಾವನ ಆಫೀಸನ್ನೂ ಯಾಕೆ ಹಾಳು ಮಾಡಲಿ."

ಅವನು ಏನೋ ಅಕ್ಕ, ಕೆಲವು ಸಲ ಹಾಗಾಗುತ್ತೆ ಎಂದು ಗೊಣಗಿದ. ಅಷ್ಟರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಚೀಲದಿಂದ ಫೋನು ತೆಗೆದು, ಗುಂಡಿಗಳನ್ನು ಬೆರಳ ತುದಿಯಿಂದ ಮುಟ್ಟಿದರೂ ಮುಟ್ಟದ ಹಾಗೆ ಒತ್ತಿ, ಭಾವನಿಗೆ ಕರೆ ಹಚ್ಚಿದಳು. ನಾನು ಹೇಳ್ತಿದ್ದೆನಲ್ಲ, ಕಂಪ್ಯೂಟರು ತಿಳಿದವನು, ಇಲ್ಲೇ ಇದಾನೆ, ಅವನನ್ನೇ ಕೇಳಿ ಎಂದು ಫೋನನ್ನು ಅವನ ಕೈಗೆ ಕೊಟ್ಟುಬಿಟ್ಟಳು. ಫೋನು ಬೆಚ್ಚಗಿತ್ತು. ಆ ಕಡೆ ಲಾರಿಗಳ ಸದ್ದು, ಮೂಟೆ ಇಳಿಸುವವರ ಕೂಗು. ವಯಸ್ಸಾದ, ನಗುಮಾತಿನ ದನಿಯೊಂದು ನಮಸ್ಕಾರ ಹೇಳಿತು. "ನೋಡಪ್ಪ, ನಮ್ಮದೇನು ದೊಡ್ಡ ಕೆಲಸ ಅಲ್ಲ. ಯಾವ ಊರು, ಎಷ್ಟು ಮೂಟೆ, ಅಷ್ಟೇ. ತಪ್ಪಾದ್ರೆ ಯಾರ ಜೀವಾನೂ ಹೋಗಲ್ಲ. ಇವಳು ಮನೇಲಿ ಗೋಡೆ ನೋಡ್ಕೊಂಡು ಕೂತಿದಾಳೆ, ನಮಗೆ ಅದೇ ಯೋಚನೆ. ಹೆದರಬೇಡ, ಹೋಗು ಅಂತ ನೀನೊಂದು ಮಾತು ಹೇಳು. ನಿನ್ನ ಮೇಲೆ ಅವಳಿಗೆ ತುಂಬ ನಂಬಿಕೆ."

ಹೋಗು ಎನ್ನುವುದು ಎಷ್ಟು ಸುಲಭವಿತ್ತು. ಎರಡಕ್ಷರ. ತನ್ನ ತಪ್ಪು ಒಪ್ಪಿಕೊಳ್ಳಬೇಕಾಗಿಯೂ ಇರಲಿಲ್ಲ. ಅದನ್ನು ಹೇಳಲು ಅವನು ಬಾಯಿ ತೆರೆದ. ಆಗಲೇ ಅವನಿಗೆ ಆ ಲಾರಿ ಆಫೀಸು ಕಣ್ಣಿಗೆ ಕಟ್ಟಿತು. ಅಕ್ಕ ಹೊಸ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ, ಒಂದು ದಿನ, ಒಂದು ತಿಂಗಳು, ಒಂದು ವರ್ಷ, ಪರದೆ ನೀಲಿಯಾಗುವುದೇ ಇಲ್ಲ. ಆಗ ಒಂದು ಮಧ್ಯಾಹ್ನ ಅವಳ ಬೆರಳು ಕೀಲಿಯ ಮೇಲೇ ನಿಲ್ಲುತ್ತದೆ. ನನ್ನ ಕೈ ಸರಿಯಿದೆಯಲ್ಲ, ಹಾಗಾದರೆ ಅಲ್ಲಿ ಏನಾಗಿತ್ತು ಎಂದು ಯೋಚಿಸುತ್ತಾಳೆ. ಅಕ್ಕ ದಡ್ಡಿಯಲ್ಲ. ಅವಳು ಇನ್ನು ಯಾವ ಕಂಪ್ಯೂಟರನ್ನೂ ಮುಟ್ಟದಿದ್ದರೆ ಮಾತ್ರ ಅವನು ಹೇಳಿದ್ದು ಕೊನೆಯವರೆಗೂ ನಿಜವಾಗಿ ಉಳಿಯುತ್ತದೆ. ಇಷ್ಟೂ ಯೋಚನೆ ಫೋನಿನಲ್ಲಿ ಒಂದು ಲಾರಿ ಹಾರ್ನು ಹೊಡೆದು ಮುಗಿಸುವಷ್ಟರಲ್ಲಿ ಅವನ ತಲೆಯಲ್ಲಿ ಹಾದುಹೋಯಿತು. ಅಕ್ಕ ಅವನ ಬಾಯನ್ನೇ ನೋಡುತ್ತಿದ್ದಳು.

"ಬೇಡ ಸರ್" ಅಂದ. ಅವನ ದನಿ ತಜ್ಞರ ದನಿಯಂತೆ ನಿಧಾನವಾಗಿ, ಮರುಕದಿಂದ ಬಂತು. "ಮೂರು ತಿಂಗಳು ನಾನೇ ಕಣ್ಣಾರೆ ನೋಡಿದೀನಿ. ಅವರ ಕೈಲಿ ಆಗಲ್ಲ. ಒತ್ತಾಯ ಮಾಡಬೇಡಿ."

ಆ ಕಡೆಯ ದನಿ, ಸರಿಯಪ್ಪ, ನಿಮಗೇ ಗೊತ್ತಿರಬೇಕು ಅಂತು. ಅಷ್ಟು ಹೊತ್ತು ನೀನು ಎಂದವರು ಈಗ ನಿಮಗೆ ಅಂದಿದ್ದರು. ಫೋನು ವಾಪಸು ಕೊಟ್ಟಾಗ ಅಕ್ಕ ಅದನ್ನು ಕಿವಿಗಿಟ್ಟುಕೊಂಡು, ಕೇಳಿದ್ರಲ್ಲ ಭಾವ, ನಾನು ಹೇಳಿದ್ರೆ ನಂಬಲಿಲ್ಲ ನೀವು ಅಂದಳು. ಅವಳ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಒಂದು ಭಾರ ಇಳಿಸಿದ ಸಡಿಲ ಇತ್ತು. ಫೋನನ್ನು ಚೀಲಕ್ಕೆ ಹಾಕಿ, ಇಲ್ಲಿ ಎಲ್ಲರೂ ಬೆನ್ನ ಹಿಂದೆ ನಕ್ಕರು, ಮುಖಕ್ಕೆ ನಿಜ ಹೇಳಿದವನು ನೀನೊಬ್ಬ, ಮರೆಯಲ್ಲ ಅಂದಳು. ಅವನ ಭುಜ ತಟ್ಟಲು ಕೈ ಎತ್ತಿದವಳು ತಟ್ಟದೆ ಇಳಿಸಿ, ಹೊರಟಳು.

ಅವನು ಗಾಜಿನ ಬಾಗಿಲವರೆಗೆ ಹಿಂದೆ ಹೋದ. ಮಹಡಿಯಿಂದ ಸಿಸ್ಟಮ್‌ನವನೆಲ್ಲಿ ಎಂಬ ಡಾಕ್ಟರಮ್ಮನ ದನಿ ಕೇಳುತ್ತಿತ್ತು, ಕೌಂಟರಿನವಳು ಬಂದ ಬಂದ ಎಂದು ಕೂಗಿ ಹೇಳುತ್ತಿದ್ದಳು. ಬಿಸಿಲು ಚೆನ್ನಾಗಿತ್ತು. ಅಕ್ಕ ಮೆಟ್ಟಿಲಿಳಿದು ರಸ್ತೆಯ ಅಂಚಿಗೆ ಹೋಗಿ ನಿಂತಳು. ಎದುರುಗಡೆ ಬಸ್ಸಿನ ನಿಲ್ದಾಣ. ರಸ್ತೆಯಲ್ಲಿ ಒಂದು ವಾಹನವೂ ಇರಲಿಲ್ಲ. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮತ್ತೆ ಎಡಕ್ಕೆ ನೋಡಿದಳು. ಒಂದು ಕಾಲು ಮುಂದಿಟ್ಟು ಹಿಂದಕ್ಕೆಳೆದುಕೊಂಡಳು. ದೂರದಲ್ಲಿ ಒಂದು ಸೈಕಲ್ಲು ಕಾಣಿಸಿತು, ಅದು ಹತ್ತಿರ ಬಂದು ದಾಟಿಹೋಗುವವರೆಗೂ ಕಾದಳು. ದಾಟಿಹೋದ ಮೇಲೂ ಅಲ್ಲೇ ನಿಂತಿದ್ದಳು. ನಿಲ್ದಾಣಕ್ಕೆ ಬಸ್ಸು ಬಂತು, ಜನ ಇಳಿದರು, ಹತ್ತಿದರು, ಬಸ್ಸು ಹೋಯಿತು. ಖಾಲಿ ರಸ್ತೆಯ ಅಂಚಿನಲ್ಲಿ ಅಕ್ಕ ಚೀಲವನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು. ಕೊನೆಗೆ ಒಂದು ಎಳೆಗೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಪಕ್ಕದ ಅಂಗಡಿಯಿಂದ ಬಂದು, ಆ ಕಡೆ ಈ ಕಡೆ ನೋಡದೆ ರಸ್ತೆಗಿಳಿದಳು. ಅಕ್ಕ ಅವಸರದಿಂದ ಅವಳ ಹಿಂದೆ ಸೇರಿಕೊಂಡು, ಅವಳ ಹೆಜ್ಜೆಯ ಮೇಲೇ ಕಣ್ಣಿಟ್ಟು, ಆ ಬದಿಗೆ ದಾಟಿದಳು.